ಬೆಳಕನ್ನು ಉಳಿಸುವ ದತ್ತಿ: ಶಾಲೆ ಮತ್ತು ಸೇವಾಸಂಸ್ಥೆಗಳ ಸೌರವಿದ್ಯುತ್ತಿಗೆ ಅನುದಾನ



 ಶಾಲೆಗಳು ಮತ್ತು ಲಾಭದ ಉದ್ದೇಶವಿಲ್ಲದ ಸೇವಾಸಂಸ್ಥೆಗಳು ತಮ್ಮ ಮಾಳಿಗೆಯ ಮೇಲೆ ಸೌರವಿದ್ಯುತ್ ಅಳವಡಿಸಿಕೊಳ್ಳಲು ಬೇಕಾಗುವ ಅನುದಾನವೇ ಇಂದು ನಾನು ಆರಿಸಿಕೊಂಡಿರುವ ವಿಷಯ. ಅನುದಾನ ಎಂದ ಕೂಡಲೇ ಅರ್ಜಿ, ಕಡತ, ಮಂಜೂರಾತಿ ಪತ್ರಗಳು ಕಣ್ಣಮುಂದೆ ಬರುತ್ತವೆ. ಆದರೆ ಒಂದು ಹಳ್ಳಿ ಶಾಲೆಯ ಕಂಪ್ಯೂಟರು ಮಧ್ಯಾಹ್ನ ಓಡುತ್ತದೆಯೋ ಇಲ್ಲವೋ, ಒಂದು ವೃದ್ಧಾಶ್ರಮ ತಿಂಗಳ ಕರೆಂಟು ಬಿಲ್ಲು ಕಟ್ಟಿದ ಮೇಲೆ ಔಷಧಕ್ಕೆ ಹಣ ಉಳಿಸಿಕೊಳ್ಳುತ್ತದೆಯೋ ಇಲ್ಲವೋ ಎಂಬುದು ಇದೇ ಕಡತಗಳಲ್ಲಿ ನಿರ್ಧಾರವಾಗುತ್ತದೆ. ಹಾಗಾಗಿ ಇದು ಸಾರ್ವಜನಿಕವಾಗಿ ಚರ್ಚೆಯಾಗಬೇಕಾದ ವಿಷಯ ಎಂಬುದು ನನ್ನ ನಂಬಿಕೆ.

ನನ್ನ ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲನೆಯದು, ಅನುದಾನದ ಅಗತ್ಯ ಯಾಕೆ ಬಂತು ಎಂಬುದು. ಎರಡನೆಯದು, ಆ ಹಣದಿಂದ ಏನನ್ನು ಕೊಳ್ಳಬೇಕು ಎಂಬುದು. ಮೂರನೆಯದು, ಹಣ ಎಲ್ಲಿಂದ ಬರುತ್ತದೆ ಎಂಬುದು. ನಾಲ್ಕನೆಯದು, ಅಳವಡಿಸಿದ್ದನ್ನು ಕಾಪಾಡಿಕೊಳ್ಳುವುದು. ನನ್ನ ಮುಖ್ಯ ಮಾತು ಇರುವುದು ನಾಲ್ಕನೆಯ ಭಾಗದಲ್ಲಿ. ಅದನ್ನು ಈಗಲೇ ಒಂದು ವಾಕ್ಯದಲ್ಲಿ ಹೇಳಿಬಿಡುತ್ತೇನೆ: ಸೌರಫಲಕ ಕೂರಿಸಲು ಕೊಡುವ ಹಣದ ಜೊತೆಗೆ ಅದನ್ನು ನೋಡಿಕೊಳ್ಳುವ ಹಣವನ್ನೂ ಕೊಡದಿದ್ದರೆ ಆ ಅನುದಾನ ಅಪೂರ್ಣ.

ಮೊದಲನೆಯ ವಿಚಾರಕ್ಕೆ ಬರೋಣ. ವಿದ್ಯುತ್ತಿನ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದದ್ದಲ್ಲ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿತು. ನೂರು ವರ್ಷ ಕಳೆದ ಮೇಲೆ, ಮಳೆಯನ್ನೇ ಕಾಯುತ್ತಿದ್ದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದು ನಿಂತಿತು. ಜಮೀನನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದದ್ದು ಆ ಯೋಜನೆಯ ವಿಶೇಷ. ದೊಡ್ಡ ಪ್ರಮಾಣದಲ್ಲಿ ಸೂರ್ಯನ ಬೆಳಕನ್ನು ವಿದ್ಯುತ್ತಾಗಿಸುವುದನ್ನು ನಾವು ಕಲಿತಿದ್ದೇವೆ. ಚಿಕ್ಕ ಪ್ರಮಾಣದಲ್ಲಿ, ಒಂದು ಶಾಲೆಯ ಮಾಳಿಗೆಯ ಮೇಲೆ ಅದೇ ಕೆಲಸ ಮಾಡುವಾಗ ಬೇರೆಯೇ ತೊಡಕುಗಳು ಎದುರಾಗುತ್ತವೆ. ಅವುಗಳಲ್ಲಿ ಮೊದಲನೆಯದು ಹಣ.

2010ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸೌರ ಅಭಿಯಾನವನ್ನು ಆರಂಭಿಸಿತು. 2015ರಲ್ಲಿ ಅದರ ಗುರಿಯನ್ನು 100 ಗಿಗಾವ್ಯಾಟ್‌ಗೆ ಏರಿಸಿ, ಅದರಲ್ಲಿ 40 ಗಿಗಾವ್ಯಾಟನ್ನು ಮಾಳಿಗೆಗಳಿಂದಲೇ ಪಡೆಯಬೇಕೆಂದು ನಿಶ್ಚಯಿಸಿತು. ಆಗಿನ ಮಾಳಿಗೆ ಸೌರ ಯೋಜನೆಯಲ್ಲಿ ಮನೆಗಳ ಜೊತೆಗೆ ಶಾಲೆ, ಕಾಲೇಜು, ಆಸ್ಪತ್ರೆ, ಅನಾಥಾಲಯ, ವೃದ್ಧಾಶ್ರಮ, ಸೇವಾ ಟ್ರಸ್ಟುಗಳಿಗೂ ನಮ್ಮಂಥ ರಾಜ್ಯಗಳಲ್ಲಿ ನಿಗದಿತ ವೆಚ್ಚದ ಶೇ. 30ರವರೆಗೆ ಸಹಾಯಧನ ಸಿಗುವ ಅವಕಾಶವಿತ್ತು. 2019ರಲ್ಲಿ ಎರಡನೆಯ ಹಂತ ಬಂದಾಗ ಈ ಸಹಾಯಧನ ವಾಸದ ಮನೆಗಳಿಗೆ ಸೀಮಿತವಾಯಿತು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆ 75,021 ಕೋಟಿ ರೂಪಾಯಿಯ ದೊಡ್ಡ ಯೋಜನೆ. ಒಂದು ಕೋಟಿ ಮನೆಗಳನ್ನು ತಲುಪುವುದು ಅದರ ಗುರಿ. 3 ಕಿಲೋವ್ಯಾಟ್ ಅಳವಡಿಸಿಕೊಂಡ ಮನೆಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಇದು ಸ್ವಾಗತಾರ್ಹ. ಆದರೆ ಅದೇ ಬೀದಿಯ ಕೊನೆಯಲ್ಲಿರುವ ಕಿವುಡ ಮಕ್ಕಳ ಶಾಲೆಗೆ ಈ ಹಣ ಸಿಗುವುದಿಲ್ಲ.

ಇನ್ನು ಕಂಪನಿಗಳ ಕಡೆ ನೋಡಿ. ಸೌರ ಘಟಕ ಹಾಕಿದ ಕಂಪನಿ ಆದಾಯ ತೆರಿಗೆಯ ಲೆಕ್ಕದಲ್ಲಿ ವರ್ಷಕ್ಕೆ ಶೇ. 40ರ ದರದಲ್ಲಿ ಸವಕಳಿ ತೋರಿಸಬಹುದು. ಲಾಭ ಮಾಡುವವರಿಗೆ ಇದರಿಂದ ತೆರಿಗೆಯಲ್ಲಿ ಉಳಿತಾಯ. ಧರ್ಮಾರ್ಥ ಸಂಸ್ಥೆಗೆ ಲಾಭವೂ ಇಲ್ಲ, ಆದಾಯಕ್ಕೆ ತೆರಿಗೆ ವಿನಾಯಿತಿಯೂ ಇದೆ. ಕಟ್ಟುವ ತೆರಿಗೆಯೇ ಇಲ್ಲದವರಿಗೆ ತೆರಿಗೆ ರಿಯಾಯಿತಿಯಿಂದ ಏನು ಪ್ರಯೋಜನ? ಹೀಗೆ ಮನೆಗೆ ಸಹಾಯಧನ ಸಿಕ್ಕಿತು, ಕಂಪನಿಗೆ ಸವಕಳಿ ಸಿಕ್ಕಿತು, ನಡುವೆ ನಿಂತ ಸೇವಾಸಂಸ್ಥೆಗೆ ಎರಡೂ ತಪ್ಪಿದವು.

ಇದು ನಮ್ಮ ದೇಶದ ತೊಡಕು ಮಾತ್ರವಲ್ಲ. ಅಮೆರಿಕದಲ್ಲಿಯೂ ಸೌರ ಘಟಕಗಳಿಗೆ ಬಹುಕಾಲ ತೆರಿಗೆ ರಿಯಾಯಿತಿಯ ರೂಪದಲ್ಲಿಯೇ ನೆರವು ಸಿಗುತ್ತಿತ್ತು. ಅಲ್ಲಿನ ಶಾಲೆಗಳು, ಚರ್ಚುಗಳು, ಸೇವಾಸಂಸ್ಥೆಗಳು ಹೊರಗುಳಿದಿದ್ದವು. 2022ರ ಕಾಯಿದೆಯೊಂದು ತೆರಿಗೆ ಕಟ್ಟದ ಸಂಸ್ಥೆಗಳಿಗೂ ಅಷ್ಟೇ ಮೊತ್ತವನ್ನು ನೇರವಾಗಿ ನಗದಾಗಿ ಪಾವತಿಸುವ ದಾರಿ ತೆರೆಯಿತು. 2025ರ ಜುಲೈನಲ್ಲಿ ಬಂದ ಇನ್ನೊಂದು ಕಾಯಿದೆ ಸೌರ ಘಟಕಗಳ ಈ ಸೌಲಭ್ಯಕ್ಕೆ ಕಾಲಮಿತಿ ಹಾಕಿತು. ಸರ್ಕಾರದ ನೆರವು ಬರುತ್ತದೆ, ಹೋಗುತ್ತದೆ. ಅದೊಂದನ್ನೇ ನಂಬಿ ಒಂದು ಸಂಸ್ಥೆ ತನ್ನ ಮುಂದಿನ 25 ವರ್ಷಗಳ ಯೋಜನೆ ಹಾಕಿಕೊಳ್ಳುವಂತಿಲ್ಲ.

ಇಲ್ಲಿ ಸರ್ಕಾರಿ ಶಾಲೆಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. 2023ರ ಕನ್ನಡ ರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳು ರಾಜ್ಯದ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ತು ಮತ್ತು ನೀರು ಒದಗಿಸುವುದಾಗಿ ಪ್ರಕಟಿಸಿದರು. ಬಿಲ್ಲಿನ ಚಿಂತೆ ಕಳೆದರೂ ಹಗಲು ಹೊತ್ತಿನಲ್ಲಿ ಕರೆಂಟು ಹೋಗುವ ತೊಂದರೆ ಹಳ್ಳಿಗಳಲ್ಲಿ ಉಳಿದೇ ಇದೆ. ಅನುದಾನಿತ ಶಾಲೆಗಳಿಗೆ, ಟ್ರಸ್ಟುಗಳ ವಿಶೇಷ ಶಾಲೆಗಳಿಗೆ, ವಿದ್ಯಾರ್ಥಿನಿಲಯಗಳಿಗೆ ಬಿಲ್ಲೂ ಇದೆ, ಕರೆಂಟು ಹೋಗುವ ತೊಂದರೆಯೂ ಇದೆ. ಒಬ್ಬರಿಗೆ ಬೇಕಾದದ್ದು ಖರ್ಚು ಕಡಿಮೆ ಮಾಡುವ ವ್ಯವಸ್ಥೆ, ಇನ್ನೊಬ್ಬರಿಗೆ ಬೇಕಾದದ್ದು ಕರೆಂಟು ಹೋದಾಗಲೂ ನಡೆಯುವ ವ್ಯವಸ್ಥೆ. ಅನುದಾನ ಕೊಡುವವರು ಈ ವ್ಯತ್ಯಾಸವನ್ನು ಮೊದಲೇ ಕೇಳಿ ತಿಳಿಯಬೇಕು.

ಈ ವ್ಯತ್ಯಾಸವೇ ನನ್ನನ್ನು ಎರಡನೆಯ ವಿಚಾರಕ್ಕೆ ಕರೆದೊಯ್ಯುತ್ತದೆ. ಹಣ ಬಂದರೆ ಏನನ್ನು ಕೊಳ್ಳಬೇಕು?

ಮಾಳಿಗೆಯ ಸೌರ ವ್ಯವಸ್ಥೆಯಲ್ಲಿ ಎರಡು ಮುಖ್ಯ ಬಗೆಗಳಿವೆ. ಒಂದು, ಎಸ್ಕಾಂ ಜಾಲಕ್ಕೆ ಜೋಡಿಸಿದ್ದು. ಫಲಕದಿಂದ ಬಂದ ವಿದ್ಯುತ್ತನ್ನು ಸಂಸ್ಥೆ ಬಳಸಿಕೊಳ್ಳುತ್ತದೆ, ಮಿಕ್ಕದ್ದು ನೆಟ್ ಮೀಟರ್ ಮೂಲಕ ಹೊರಗಿನ ತಂತಿಗೆ ಹೋಗುತ್ತದೆ. ಇನ್ನೊಂದು, ಬ್ಯಾಟರಿ ಇಟ್ಟುಕೊಂಡು ಸ್ವತಂತ್ರವಾಗಿ ನಡೆಯುವಂಥದ್ದು. ಬಹಳ ಮಂದಿಗೆ ತಿಳಿಯದ ಒಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳುತ್ತೇನೆ. ಬ್ಯಾಟರಿಯಿಲ್ಲದೆ ಜಾಲಕ್ಕೆ ಜೋಡಿಸಿದ ಸಾಮಾನ್ಯ ವ್ಯವಸ್ಥೆ, ಕರೆಂಟು ಹೋದ ಕ್ಷಣ ತಾನೂ ನಿಂತುಬಿಡುತ್ತದೆ. ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ಫಲಕದ ವಿದ್ಯುತ್ತು ತಗಲಬಾರದೆಂದು ಇನ್ವರ್ಟರನ್ನು ಹಾಗೆಯೇ ಮಾಡಿರುತ್ತಾರೆ. ನೆತ್ತಿಯ ಮೇಲೆ ಬಿಸಿಲು ಸುಡುತ್ತಿರುತ್ತದೆ, ಮಾಳಿಗೆಯ ತುಂಬ ಫಲಕಗಳಿವೆ, ಆದರೂ ತರಗತಿಯಲ್ಲಿ ಫ್ಯಾನು ತಿರುಗುವುದಿಲ್ಲ. ಕರೆಂಟು ಹೋಗುವುದೇ ತೊಂದರೆಯಾಗಿರುವ ಶಾಲೆಗೆ ಇಂಥ ವ್ಯವಸ್ಥೆ ಕೊಟ್ಟರೆ ದಾನಿಗಳಿಗೂ ಬೇಸರ, ಶಾಲೆಗೂ ಬೇಸರ. ಅಲ್ಲಿಗೆ ಬ್ಯಾಟರಿಯುಳ್ಳದ್ದೇ ಬೇಕು.

ಬಿಲ್ಲು ಇಳಿಸುವುದು ಮುಖ್ಯವಾದ ಕಡೆ ಜಾಲದ ಜೋಡಣೆಯೇ ಮೇಲು. ಶಾಲೆಗಳಿಗೆ ಇದರಿಂದ ಇನ್ನೊಂದು ಅನುಕೂಲವಿದೆ. ನಮ್ಮಲ್ಲಿ ಬಿಸಿಲು ಜೋರಾಗಿರುವ ಏಪ್ರಿಲ್, ಮೇ ತಿಂಗಳಲ್ಲೇ ಬೇಸಿಗೆ ರಜೆ. ಬ್ಯಾಟರಿ ತುಂಬಿದ ಮೇಲೆ ಸ್ವತಂತ್ರ ವ್ಯವಸ್ಥೆಯ ವಿದ್ಯುತ್ತು ಯಾರಿಗೂ ದಕ್ಕದೆ ಹೋಗುತ್ತದೆ. ಜಾಲಕ್ಕೆ ಜೋಡಿಸಿದ್ದರೆ ರಜೆಯ ವಿದ್ಯುತ್ತಿಗೂ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡಿದ ದರದಲ್ಲಿ ಲೆಕ್ಕ ಸಿಗುತ್ತದೆ.

ಈಗ ನಾಲ್ಕು ಕೊಠಡಿಯ ಒಂದು ಹಳ್ಳಿ ಶಾಲೆಯನ್ನು ಹತ್ತಿರದಿಂದ ನೋಡೋಣ. ಕೊಠಡಿಗೆ 20 ವ್ಯಾಟಿನ ಎರಡು ಎಲ್‌ಇಡಿ ಟ್ಯೂಬು, 75 ವ್ಯಾಟಿನ ಎರಡು ಹಳೆಯ ಫ್ಯಾನು. ಜೊತೆಗೆ 100 ವ್ಯಾಟಿನ ಒಂದು ಸ್ಮಾರ್ಟ್ ಟಿವಿ, 60 ವ್ಯಾಟಿನ ಐದು ಕಂಪ್ಯೂಟರು. ದೀಪ, ಫ್ಯಾನು ದಿನಕ್ಕೆ 5 ಗಂಟೆ, ಟಿವಿ 3 ಗಂಟೆ, ಕಂಪ್ಯೂಟರು 2 ಗಂಟೆ ಎಂದು ಹಿಡಿಯಿರಿ. ದೀಪಕ್ಕೆ 0.8 ಯೂನಿಟ್, ಟಿವಿಗೆ 0.3, ಕಂಪ್ಯೂಟರಿಗೆ 0.6. ಫ್ಯಾನಿಗೆ ಮಾತ್ರ 3 ಯೂನಿಟ್. ಒಟ್ಟು 4.7 ಯೂನಿಟ್. ನಮ್ಮ ಬಿಸಿಲಿನಲ್ಲಿ 1 ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಬ್ಯಾಟರಿಯಲ್ಲಿ ಸ್ವಲ್ಪ ಸೋರಿಕೆಯೂ ಇರುತ್ತದೆ. ಹಾಗಾಗಿ 1 ಕಿಲೋವ್ಯಾಟ್ ಸಾಲದು. ಆ ಎಂಟು ಹಳೆಯ ಫ್ಯಾನುಗಳನ್ನು ತೆಗೆದು, ಸುಮಾರು 30 ವ್ಯಾಟಿನಲ್ಲಿ ಅಷ್ಟೇ ಗಾಳಿ ಕೊಡುವ ಬಿಎಲ್‌ಡಿಸಿ ಫ್ಯಾನು ಹಾಕಿ. ಫ್ಯಾನಿನ ಬಳಕೆ 3ರಿಂದ 1.2 ಯೂನಿಟ್‌ಗೆ ಇಳಿಯುತ್ತದೆ, ಒಟ್ಟು ಬೇಡಿಕೆ 2.9ಕ್ಕೆ ಬರುತ್ತದೆ. ಈಗ 1 ಕಿಲೋವ್ಯಾಟ್ ಸಾಕು, ಬ್ಯಾಟರಿಯೂ ಚಿಕ್ಕದು ಸಾಕು. ಆದರೆ ಎಷ್ಟೋ ಅನುದಾನಗಳ ಷರತ್ತಿನಲ್ಲಿ ಫಲಕ, ಬ್ಯಾಟರಿ, ಇನ್ವರ್ಟರಿಗೆ ಅವಕಾಶವಿರುತ್ತದೆ, ಫ್ಯಾನಿಗೆ ಇರುವುದಿಲ್ಲ. ಖರ್ಚನ್ನು ಇಳಿಸುವ ಉಪಕರಣವೂ ಸೌರ ವ್ಯವಸ್ಥೆಯ ಅಂಗವೇ ಎಂದು ಅನುದಾನದ ನಿಯಮ ಒಪ್ಪಿಕೊಳ್ಳಬೇಕು.

ಜಾಗವನ್ನೂ ನೋಡಬೇಕು. 1 ಕಿಲೋವ್ಯಾಟಿಗೆ ನೆರಳು ಬೀಳದ ಸುಮಾರು 100 ಚದರ ಅಡಿ ಬೇಕು. ಮಲೆನಾಡು, ಕರಾವಳಿಯ ಹಂಚಿನ ಮಾಡಿನ ಶಾಲೆಗಳಲ್ಲಿ ಪಕಾಸಿ ಭಾರ ತಡೆಯುತ್ತದೆಯೇ ಎಂದು ಮೊದಲು ಪರೀಕ್ಷಿಸಬೇಕು; ತಡೆಯದಿದ್ದರೆ ಅಂಗಳದಲ್ಲಿ ಕಬ್ಬಿಣದ ಚೌಕಟ್ಟು ನಿಲ್ಲಿಸಬೇಕು. ಬಯಲುಸೀಮೆಯಲ್ಲಿ ಧೂಳು ಹೆಚ್ಚು, ಒರೆಸಲು ನೀರು ಮತ್ತು ಏಣಿ ಬೇಕು. ಒಂದೇ ಅಂದಾಜು ಪಟ್ಟಿ ಬೀದರಿಗೂ ಭಾಗಮಂಡಲಕ್ಕೂ ಹೊಂದುವುದಿಲ್ಲ.

ಇನ್ನು ಮೂರನೆಯ ವಿಚಾರ, ಹಣದ ಮೂಲಗಳು. ಇಂದು ದೊಡ್ಡ ಮೂಲ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ, ಅಂದರೆ ಸಿಎಸ್‌ಆರ್. 2013ರ ಕಂಪನಿ ಕಾಯಿದೆಯ 135ನೆಯ ಸೆಕ್ಷನ್ ಪ್ರಕಾರ, ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಶಿಕ್ಷಣವೂ ಪರಿಸರವೂ ಆ ಪಟ್ಟಿಯಲ್ಲಿವೆ. ಶಾಲೆಯ ಸೌರವಿದ್ಯುತ್ತು ಎರಡಕ್ಕೂ ಸೇರುತ್ತದೆ.

ಈ ನಿಧಿಯನ್ನು ಕೇಳುವ ಸಂಸ್ಥೆಗಳು ಎರಡು ನಿಯಮಗಳನ್ನು ತಿಳಿದಿರಬೇಕು. ಒಂದು, 2021ರಿಂದ ಈ ಹಣ ಪಡೆದು ಕೆಲಸ ಮಾಡಿಸುವ ಟ್ರಸ್ಟು, ಸೊಸೈಟಿಗಳು ಸಿಎಸ್‌ಆರ್-1 ಅರ್ಜಿ ಸಲ್ಲಿಸಿ ನೋಂದಣಿ ಸಂಖ್ಯೆ ಪಡೆದಿರಬೇಕು. ಎಷ್ಟೋ ಹಳೆಯ, ಒಳ್ಳೆಯ ಸಂಸ್ಥೆಗಳು ಈ ಒಂದು ಕಾಗದವಿಲ್ಲದೆ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಎರಡು, ಬಹುವರ್ಷದ ಯೋಜನೆ ಎಂದು ಮಂಜೂರಾದರೆ ಆರಂಭದ ವರ್ಷವನ್ನು ಬಿಟ್ಟು ಇನ್ನೂ ಮೂರು ವರ್ಷ ಹಣ ವಿನಿಯೋಗಿಸಲು ಅವಕಾಶವಿದೆ. ಮಾರ್ಚ್ ಮುಗಿಯುವುದರೊಳಗೆ ಫಲಕ ಕೂರಿಸಿ ಫೋಟೋ ತೆಗೆದು ಮುಗಿಸುವ ಬದಲು, ಮೂರು ವರ್ಷದ ನಿರ್ವಹಣೆಯನ್ನೂ ಅದೇ ಯೋಜನೆಯಲ್ಲಿ ಸೇರಿಸಲು ಕಾನೂನಿನ ಅಡ್ಡಿಯಿಲ್ಲ ಎಂದರ್ಥ. ಸಂಸ್ಥೆಗಳು ಇದನ್ನು ಕೇಳಿ ಪಡೆಯಬೇಕು. ಜೊತೆಗೆ, ತಾನು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಕಂಪನಿ ಆದ್ಯತೆ ಕೊಡಬೇಕೆಂದು ಕಾಯಿದೆಯೇ ಹೇಳುತ್ತದೆ. ಕಾರ್ಖಾನೆಗಳಿಲ್ಲದ ತಾಲ್ಲೂಕುಗಳ ಶಾಲೆಗಳು ಇದರಿಂದ ಹಿಂದುಳಿಯುವ ಅಪಾಯವಿದೆ. ಅಲ್ಲಿಗೆ ಹಣ ತಲುಪಿಸುವುದು ಸರ್ಕಾರದ ಹೊಣೆ.

ಅನುದಾನ ಹೇಗಿರಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಹುಟ್ಟಿದ ಒಂದು ಮಾದರಿಯನ್ನು ನೆನೆಯಬೇಕು. 1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ, ಬಡವರು ಸೌರದೀಪದ ಬೆಲೆ ಕಟ್ಟಲಾರರು ಎಂಬ ನಂಬಿಕೆಯನ್ನೇ ಪ್ರಶ್ನಿಸಿತು. ಅವರ ಆದಾಯಕ್ಕೆ ಹೊಂದುವ ಕಂತುಗಳಲ್ಲಿ ಬ್ಯಾಂಕು ಸಾಲ ಸಿಗುವಂತೆ ಮಾಡಿತು. ಅದರ ಸಂಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ‘ಲೈಟ್ ಫಾರ್ ಎಜುಕೇಶನ್’ ಕಾರ್ಯಕ್ರಮದಲ್ಲಿ ಫಲಕ ಇರುವುದು ಶಾಲೆಯ ಮೇಲೆ, ದೀಪ ಇರುವುದು ಮಗುವಿನ ಮನೆಯಲ್ಲಿ. ಮಗು ಬೆಳಿಗ್ಗೆ ಚಿಕ್ಕ ಬ್ಯಾಟರಿಯನ್ನು ಶಾಲೆಗೆ ತಂದು ಚಾರ್ಜಿಗೆ ಹಾಕುತ್ತದೆ, ಸಂಜೆ ಮನೆಗೆ ಒಯ್ದು ದೀಪಕ್ಕೆ ಜೋಡಿಸಿ ಓದುತ್ತದೆ. ಶಾಲೆಗೆ ಬಂದರೆ ಮನೆಯಲ್ಲಿ ಬೆಳಕು. ಹಾಜರಾತಿಗೂ ಓದಿಗೂ ಒಂದೇ ಏರ್ಪಾಡು ನೆರವಾಯಿತು. ಅನುದಾನದ ಹಣ ಕಡಿಮೆಯಿದ್ದರೂ ಯೋಚನೆ ದೊಡ್ಡದಿದ್ದರೆ ಫಲ ದೊಡ್ಡದಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಇವಲ್ಲದೆ ಹಳೆಯ ವಿದ್ಯಾರ್ಥಿ ಸಂಘಗಳಿವೆ, ಊರಿನ ಸಹಕಾರ ಸಂಘಗಳಿವೆ. ದೊಡ್ಡ ಮಾಳಿಗೆಯಿರುವ ಕಾಲೇಜುಗಳಿಗೆ, ಖಾಸಗಿ ಕಂಪನಿಯೇ ಬಂಡವಾಳ ಹಾಕಿ ಯೂನಿಟ್‌ಗೆ ಇಷ್ಟೆಂದು ಹಣ ಪಡೆಯುವ ರೆಸ್ಕೋ ಪದ್ಧತಿ ಹೊಂದುತ್ತದೆ. ಎರಡು ಮೂರು ಕಿಲೋವ್ಯಾಟಿನ ಚಿಕ್ಕ ಶಾಲೆಗಳ ಕಡೆ ಅಂಥ ಕಂಪನಿಗಳು ಬರುವುದು ಅಪರೂಪ. ಅಲ್ಲಿ ಅನುದಾನವೇ ಗತಿ.

ಕೊನೆಯದಾಗಿ, ನನ್ನ ಮಾತಿನ ತಿರುಳಾದ ನಾಲ್ಕನೆಯ ವಿಚಾರ. ಅಳವಡಿಸಿದ್ದನ್ನು ಕಾಪಾಡುವವರು ಯಾರು?

ಸೌರಫಲಕ 25 ವರ್ಷ ಬಾಳುತ್ತದೆ. ಇನ್ವರ್ಟರು ಸುಮಾರು ಹತ್ತು ವರ್ಷ. ಸೀಸದ ಬ್ಯಾಟರಿ ನಾಲ್ಕೈದು ವರ್ಷ, ಅದೂ ಡಿಸ್ಟಿಲ್ಡ್ ವಾಟರ್ ಕಾಲಕಾಲಕ್ಕೆ ತುಂಬಿದರೆ ಮಾತ್ರ. ಬ್ಯಾಟರಿಯ ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿಕೊಂಡಿದ್ದರೆ, ನೀರಿನ ಮಟ್ಟ ತೋರಿಸುವ ಕಡ್ಡಿ ಕೆಳಗಿಳಿದಿದ್ದರೆ, ಆ ವ್ಯವಸ್ಥೆಯನ್ನು ತಿಂಗಳುಗಳಿಂದ ಯಾರೂ ನೋಡಿಲ್ಲ ಎಂದು ತಿಳಿಯಬೇಕು. ಮೊದಲ ಬ್ಯಾಟರಿ ಸತ್ತ ದಿನ ಹೊಸದಕ್ಕೆ ಹಣವಿಲ್ಲದಿದ್ದರೆ, ಇನ್ನೂ ಇಪ್ಪತ್ತು ವರ್ಷ ದುಡಿಯಬಲ್ಲ ಫಲಕ ಅಂದೇ ನಿರುಪಯೋಗಿಯಾಗುತ್ತದೆ. ಅಷ್ಟರಲ್ಲಿ ಅದನ್ನು ತರಿಸಿದ ಮುಖ್ಯೋಪಾಧ್ಯಾಯರಿಗೆ ವರ್ಗವಾಗಿರುತ್ತದೆ. ಗ್ಯಾರಂಟಿ ಕಾರ್ಡು ಯಾವ ಬೀರುವಿನಲ್ಲಿದೆ ಎಂದು ಹೊಸಬರಿಗೆ ತಿಳಿಯುವುದಿಲ್ಲ.

ನಮ್ಮ ಹಿರಿಯರು ಇದಕ್ಕೆ ಪರಿಹಾರ ಕಂಡುಕೊಂಡಿದ್ದರು. ಕನ್ನಡ ನಾಡಿನ ಶಾಸನಗಳಲ್ಲಿ ನಂದಾದೀವಿಗೆಗೆ ಬಿಟ್ಟ ದತ್ತಿಗಳು ಹೇರಳವಾಗಿ ಸಿಗುತ್ತವೆ. ಆ ದಾನಿಗಳು ದೀಪದ ಕಂಬ ಮಾಡಿಸಿ ಸುಮ್ಮನಾಗಲಿಲ್ಲ. ಎಣ್ಣೆಗೆ ಗಾಣವನ್ನೋ ಭೂಮಿಯನ್ನೋ ಹೊನ್ನನ್ನೋ ಬಿಟ್ಟರು. ಶ್ರವಣಬೆಳಗೊಳದ ಶಾಸನಗಳಲ್ಲಿ ಅಸಲನ್ನು ಮುಟ್ಟದೆ ಹೊನ್ನಿನ ಬಡ್ಡಿಯಿಂದಲೇ ದಿನದಿನದ ಹಾಲಿನ ಸೇವೆ ನಡೆಯಬೇಕೆಂಬ ಏರ್ಪಾಡುಗಳು ಕಾಣುತ್ತವೆ. ಉಪಕರಣ ಒಮ್ಮೆ ಕೊಡುವಂಥದ್ದು, ಎಣ್ಣೆ ಪ್ರತಿದಿನ ಬೇಕಾದದ್ದು ಎಂಬುದು ಅವರಿಗೆ ಸ್ಪಷ್ಟವಿತ್ತು. ಇಂದಿನ ಸೌರದೀಪಕ್ಕೆ ಬ್ಯಾಟರಿಯೇ ಎಣ್ಣೆ.

ಲೆಕ್ಕ ಹಾಕಿ ನೋಡೋಣ. ಮೇಲೆ ಹೇಳಿದ ನಾಲ್ಕು ಕೊಠಡಿಯ ಶಾಲೆಗೆ ಐದು ವರ್ಷಕ್ಕೊಮ್ಮೆ ಸುಮಾರು 32,000 ರೂಪಾಯಿಯ ಬ್ಯಾಟರಿ ಬೇಕು ಎಂದಿಟ್ಟುಕೊಳ್ಳಿ. ವರ್ಷಕ್ಕೆ 6,400 ಆಯಿತು. ಶುಚಿಗೊಳಿಸುವುದು, ತಂತ್ರಜ್ಞರ ಭೇಟಿ, ಚಿಕ್ಕಪುಟ್ಟ ದುರಸ್ತಿಗೆ ಇನ್ನು 3,000. ಒಟ್ಟು 9,400 ರೂಪಾಯಿ. ಒಂದೂವರೆ ಲಕ್ಷ ರೂಪಾಯಿಯನ್ನು ಶೇ. 6.5ರ ಬಡ್ಡಿಗೆ ಠೇವಣಿ ಇಟ್ಟರೆ ವರ್ಷಕ್ಕೆ 9,750 ರೂಪಾಯಿ ಬರುತ್ತದೆ. ಬ್ಯಾಟರಿ ಸಹಿತ ಆ 1 ಕಿಲೋವ್ಯಾಟ್ ವ್ಯವಸ್ಥೆಯನ್ನು ಕೂರಿಸಲು ಬೇಕಾಗುವ ಹಣವೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ನನ್ನ ಸೂಚನೆ ಸರಳವಾಗಿದೆ. ಬ್ಯಾಟರಿಯುಳ್ಳ ವ್ಯವಸ್ಥೆಗೆ ಒಂದು ರೂಪಾಯಿ ಕೊಡುವ ದಾನಿ, ಅದರ ರಕ್ಷಣೆಗೆ ಇನ್ನೊಂದು ರೂಪಾಯಿಯನ್ನು ದತ್ತಿಯಾಗಿ ಇಡಲಿ. ಇದರಿಂದ ಶಾಲೆಗಳ ಸಂಖ್ಯೆ ಅರ್ಧವಾಗಬಹುದು. ಹತ್ತು ಶಾಲೆಗಳಲ್ಲಿ ಐದು ವರ್ಷ ಉರಿದು ಆರುವ ದೀಪಕ್ಕಿಂತ ಐದು ಶಾಲೆಗಳಲ್ಲಿ 25 ವರ್ಷ ಉರಿಯುವ ದೀಪ ಮಿಗಿಲು.

ಜಾಲಕ್ಕೆ ಜೋಡಿಸಿದ ವ್ಯವಸ್ಥೆ ತನ್ನ ನಿಧಿಯನ್ನು ತಾನೇ ಕಟ್ಟಿಕೊಳ್ಳಬಲ್ಲದು. 5 ಕಿಲೋವ್ಯಾಟ್ ಘಟಕ ವರ್ಷಕ್ಕೆ ಸುಮಾರು 7,000 ಯೂನಿಟ್ ಕೊಡುತ್ತದೆ. ಬಹುಪಾಲನ್ನು ಸಂಸ್ಥೆಯೇ ಬಳಸಿ, ಯೂನಿಟ್‌ಗೆ 7 ರೂಪಾಯಿ ಉಳಿಯಿತು ಎಂದರೆ 49,000 ರೂಪಾಯಿ. ಅದರ ನಾಲ್ಕನೆಯ ಒಂದು ಭಾಗವನ್ನು ಪ್ರತ್ಯೇಕ ಬ್ಯಾಂಕು ಖಾತೆಯಲ್ಲಿ ಇಟ್ಟರೆ ಹತ್ತನೆಯ ವರ್ಷ ಇನ್ವರ್ಟರು ಕೆಟ್ಟಾಗ ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ.

ಹಣದಷ್ಟೇ ಮುಖ್ಯ ಕೈಗಳು. ರಾಜಸ್ಥಾನದ ತಿಲೋನಿಯಾದ ಬೇರ್‌ಫುಟ್ ಕಾಲೇಜು, ಓದು ಬರಹ ಬಾರದ ಹಳ್ಳಿಯ ಹೆಂಗಸರಿಗೆ ಬಣ್ಣಗಳ ಗುರುತಿನಿಂದಲೇ ಸರ್ಕಿಟು ಜೋಡಿಸುವುದನ್ನು, ದುರಸ್ತಿ ಮಾಡುವುದನ್ನು ಕಲಿಸಿ ತೋರಿಸಿದೆ. ಬೇರೆ ಬೇರೆ ದೇಶಗಳ ಹೆಂಗಸರೂ ಅಲ್ಲಿ ಕಲಿತು ತಮ್ಮ ಊರಿಗೆ ಬೆಳಕು ಒಯ್ದಿದ್ದಾರೆ. ನಮ್ಮಲ್ಲಿ ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್ ಯುವಕ ಯುವತಿಯರು ಊರೂರಿನಲ್ಲಿದ್ದಾರೆ. ಹತ್ತು ಶಾಲೆಗೆ ಒಬ್ಬರಂತೆ ಒಪ್ಪಂದ ಮಾಡಿಕೊಂಡರೆ ಶಾಲೆಗೂ ಲಾಭ, ಅವರಿಗೂ ಉದ್ಯೋಗ. ದಿನವೂ ಮೀಟರು ಓದಿ ಗೋಡೆಯ ಪಟ್ಟಿಯಲ್ಲಿ ಯೂನಿಟ್ ಬರೆಯುವ ಕೆಲಸ ಮಕ್ಕಳಿಗೆ ಬರಲಿ. ಅಂಕಿ ದಿಢೀರನೆ ಇಳಿದರೆ ಎಲ್ಲರಿಗಿಂತ ಮೊದಲು ಅವರಿಗೇ ತಿಳಿಯುತ್ತದೆ. ವಿಜ್ಞಾನದ ಪಾಠವೂ ಅಲ್ಲೇ ಆಗುತ್ತದೆ.

ಮಾನ್ಯರೇ, ನನ್ನ ಮಾತನ್ನು ಮೂರು ಮನವಿಗಳೊಂದಿಗೆ ಮುಗಿಸುತ್ತೇನೆ. ಸರ್ಕಾರದಲ್ಲಿ ನನ್ನ ವಿನಂತಿ: ಮನೆಗಳಿಗೆ ಕೊಡುತ್ತಿರುವ ಸಹಾಯಧನವನ್ನು ಧರ್ಮಾರ್ಥ ಶಾಲೆ, ವಿಶೇಷ ಶಾಲೆ, ವೃದ್ಧಾಶ್ರಮ, ಸೇವಾ ಆಸ್ಪತ್ರೆಗಳಿಗೂ ಮತ್ತೆ ವಿಸ್ತರಿಸಿ. ಅದು ಹಿಂದೆ ಇದ್ದ ಅವಕಾಶವೇ. ದಾನಿಗಳಲ್ಲಿ ಮತ್ತು ಕಂಪನಿಗಳಲ್ಲಿ ನನ್ನ ವಿನಂತಿ: ಉದ್ಘಾಟನೆಯ ದಿನದ ಫಲಕವನ್ನು ಎಣಿಸುವ ಬದಲು ಹತ್ತನೆಯ ವರ್ಷದಲ್ಲಿ ನಡೆಯುತ್ತಿರುವ ವ್ಯವಸ್ಥೆಗಳನ್ನು ಎಣಿಸಿ, ಅದಕ್ಕೆ ಬೇಕಾದ ದತ್ತಿಯನ್ನು ಮೊದಲ ದಿನವೇ ಇಡಿ. ಶಾಲೆಗಳನ್ನು, ಸಂಸ್ಥೆಗಳನ್ನು ನಡೆಸುವವರಲ್ಲಿ ನನ್ನ ವಿನಂತಿ: ಅರ್ಜಿ ಬರೆಯುವ ಮುನ್ನ ನಿಮ್ಮ ಬಳಕೆಯ ಲೆಕ್ಕ ಬರೆಯಿರಿ, ನಿರ್ವಹಣೆಗೆ ಬೇಕಾದ ಹಣವನ್ನು ಸಂಕೋಚಪಡದೆ ಕೇಳಿ. ನಿರ್ವಹಣೆಗೆ ಹಣ ಕೊಡಲು ಒಪ್ಪದ ಅನುದಾನವನ್ನು ಒಪ್ಪಿಕೊಳ್ಳುವ ಮುನ್ನ ಎರಡು ಬಾರಿ ಯೋಚಿಸಿ.